ಪುಕ್ಕಟೆ ಪುಸ್ತಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಈ ಪುಟದಲ್ಲಿ ಒಂದು ಪತ್ರ ಹಾಕಿದ್ದೆವು. ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ ಪಠ್ಯಪುಸ್ತಕ ಪುಕ್ಕಟೆ ಸಿಗುತ್ತಂತೆ, ನಮ್ಮಲ್ಲಿ ಯಾಕಿಲ್ಲ ಅಂತ ಅದರಲ್ಲಿ ಒಬ್ಬರು ಕೇಳಿದ್ದರು. ಆಮೇಲೆ ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ ಇದರ ಬಗ್ಗೆಯೇ. ಹಾಗಾಗಿ ಈ ಸಲ ಗ್ಯಾಸ್ ಸಬ್ಸಿಡಿ, ಖಾತೆ ವರ್ಗಾವಣೆ ಪ್ರಶ್ನೆಗಳಿಗೆ ರಜೆ.

ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ಬಿ.ಎ. ಮಕ್ಕಳಿಗೆ ಸಮಾಜಶಾಸ್ತ್ರ ಹೇಳಿಕೊಡುತ್ತೇನೆ. ಕ್ಲಾಸಿನಲ್ಲಿ ಪುಸ್ತಕ ಇಟ್ಟುಕೊಂಡವರು ನಾಲ್ಕೈದು ಜನ. ಮಿಕ್ಕವರು ಪರೀಕ್ಷೆ ಹತ್ತಿರ ಬಂದಾಗ ಗೈಡ್ ತರುತ್ತಾರೆ, ಇಲ್ಲಾ ಅದರ ಜೆರಾಕ್ಸ್. ಆ ಅಮೆರಿಕದ ಪುಸ್ತಕಗಳನ್ನು ನಾವು ಬಳಸಬಹುದಾ? ಯಾರನ್ನಾದರೂ ಪರ್ಮಿಷನ್ ಕೇಳಬೇಕಾ? — ಉಪನ್ಯಾಸಕಿ, ಕೆಂಗೇರಿ

ಬಳಸಬಹುದು ಮೇಡಂ, ಯಾರನ್ನೂ ಕೇಳಬೇಕಾಗಿಲ್ಲ. ಯಾರು ಬೇಕಾದರೂ ಬಳಸಿ, ಹಂಚಿ ಅಂತ ಪುಸ್ತಕದಲ್ಲೇ ಲೈಸೆನ್ಸ್ ಬರೆದು ಕೊಟ್ಟಿರುತ್ತಾರೆ, ಇಂಥವಕ್ಕೆ ಮುಕ್ತ ಪಠ್ಯಪುಸ್ತಕ ಅಂತಾರೆ. ಆದರೆ ಡೌನ್‌ಲೋಡ್ ಮಾಡಿ ಮಕ್ಕಳ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಐನೂರು ಪುಟಕ್ಕಿಂತ ಜಾಸ್ತಿ ಇರುವ ಇಂಗ್ಲಿಷ್ ಪಿಡಿಎಫ್ ಅನ್ನು ಯಾವ ಮಗು ಫೋನಿನಲ್ಲಿ ಓದುತ್ತೆ ಹೇಳಿ.

ಈ ಪುಸ್ತಕಗಳು ಅಲ್ಲಿ ಯಾಕೆ ಹುಟ್ಟಿದವು ಅನ್ನೋದನ್ನು ಮೊದಲು ನೋಡೋಣ. ಅಲ್ಲಿನ ಕಮ್ಯುನಿಟಿ ಕಾಲೇಜು ಅಂದರೆ ಎರಡು ವರ್ಷದ ಕಾಲೇಜು. ಹೈಸ್ಕೂಲು ಮುಗಿಸಿದವರು ಮನೆ ಹತ್ತಿರವೇ ಸೇರಿ, ಕೆಲಸ ಮಾಡುತ್ತಾ ಓದಿ, ಬೇಕಿದ್ದರೆ ಮುಂದೆ ಯೂನಿವರ್ಸಿಟಿಗೆ ಹೋಗುತ್ತಾರೆ. (ನಮ್ಮ ಯುಜಿಸಿ 12ನೇ ಪಂಚವಾರ್ಷಿಕ ಯೋಜನೆಯಲ್ಲಿ ಅದೇ ಹೆಸರಿನಲ್ಲಿ ತಂದ ಸ್ಕೀಮು ಬೇರೆ, ಅದು ಮುಖ್ಯವಾಗಿ ಕೆಲಸ ಕಲಿಸುವ ಸರ್ಟಿಫಿಕೇಟು, ಡಿಪ್ಲೊಮಾ ಕೋರ್ಸುಗಳದ್ದು.) ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಆ ರಾಜ್ಯದವರಿಗೆ ಯೂನಿಟ್ಟಿಗೆ (ನಮ್ಮ ಕ್ರೆಡಿಟ್ ಇದ್ದ ಹಾಗೆ) 46 ಡಾಲರ್ ಫೀಸು, 2012ರಿಂದ ಇಷ್ಟೇ ಇದೆ. ಮೂರು ಯೂನಿಟ್ಟಿನ ಒಂದು ವಿಷಯಕ್ಕೆ 138 ಡಾಲರ್ ಆಯಿತು. ಆ ವಿಷಯದ ಹೊಸ ಪುಸ್ತಕಕ್ಕೆ ಫೀಸಿಗಿಂತ ಜಾಸ್ತಿ ದುಡ್ಡು ಕೊಡಬೇಕಾಗಿ ಬರುವುದು ಅಲ್ಲಿ ಮಾಮೂಲು. ಅದೂ ಸಾಲದು ಅಂತ ಕೆಲವು ವರ್ಷಕ್ಕೊಂದು ಹೊಸ ಆವೃತ್ತಿ ತರುತ್ತಾರೆ, ಪುಟದ ಸಂಖ್ಯೆ, ಲೆಕ್ಕದ ಸಂಖ್ಯೆ ಎಲ್ಲ ಬದಲಾಗಿರುತ್ತೆ, ಸೆಕೆಂಡ್ ಹ್ಯಾಂಡ್ ಪುಸ್ತಕ ಸಿಕ್ಕರೂ ಪ್ರಯೋಜನ ಇಲ್ಲ. ಕೆಲವು ವಿಷಯಗಳಿಗೆ ಹೋಂವರ್ಕ್ ಸಲ್ಲಿಸೋಕೇ ಪ್ರತ್ಯೇಕವಾಗಿ ಒಂದು ಕೋಡ್ ಕೊಳ್ಳಬೇಕು, ಅದು ಒಂದು ಸಲ ಬಳಸಿದರೆ ಮುಗಿಯಿತು.

ಇದರಿಂದ ರೋಸಿಹೋಗಿ ಕೆಲಸ ಶುರು ಮಾಡಿದವರಲ್ಲಿ ಕಮ್ಯುನಿಟಿ ಕಾಲೇಜಿನವರೇ ಮುಂದಿದ್ದರು. ಸಿಲಿಕಾನ್ ವ್ಯಾಲಿಯ ಫುಟ್‌ಹಿಲ್–ಡಿ ಆಂಜಾ ಕಾಲೇಜುಗಳ ಆಡಳಿತ 2004ರಲ್ಲೇ ಇಂಥ ಮುಕ್ತ ಪಾಠ ಸಾಮಗ್ರಿ ಬಳಸೋಕೆ ಒಂದು ನೀತಿ ಮಾಡಿತು, 2007ರಲ್ಲಿ ಇಂಥ ಕಾಲೇಜುಗಳದ್ದೇ ಒಂದು ಒಕ್ಕೂಟ ಆಯಿತು. 2012ರಲ್ಲಿ ಹ್ಯೂಸ್ಟನ್ನಿನ ರೈಸ್ ಯೂನಿವರ್ಸಿಟಿಯಿಂದ ಓಪನ್‌ಸ್ಟಾಕ್ಸ್ ಅನ್ನೋ ಹೆಸರಿನಲ್ಲಿ ಮುಕ್ತ ಪಠ್ಯಪುಸ್ತಕಗಳು ಬರತೊಡಗಿದವು. 2013ರಲ್ಲಿ ವರ್ಜೀನಿಯಾದ ಟೈಡ್‌ವಾಟರ್ ಕಮ್ಯುನಿಟಿ ಕಾಲೇಜು ಒಂದು ಇಡೀ ಡಿಗ್ರಿಯನ್ನೇ ಪಠ್ಯಪುಸ್ತಕಕ್ಕೆ ಒಂದು ಪೈಸೆ ಖರ್ಚಿಲ್ಲದ ಹಾಗೆ ಮಾಡಿ ತೋರಿಸಿತು.

ನಮ್ಮ ಕಷ್ಟ ಇದೇ ಅಲ್ಲ. ಇಲ್ಲಿ ಪುಸ್ತಕದ ಬೆಲೆ ಆ ಮಟ್ಟದಲ್ಲಿಲ್ಲ, ಅವೆನ್ಯೂ ರೋಡಿನಲ್ಲಿ ಸುತ್ತಿದರೆ ಅರ್ಧ ಬೆಲೆಗೂ ಸಿಗುತ್ತೆ. ನಮಗೆ ಹೊಡೆತ ಕೊಡುವುದು ಸಿಲಬಸ್ಸು. ರಾಜ್ಯದಲ್ಲಿ 2021–22ಕ್ಕೆ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, ಎಲ್ಲ ವಿಷಯಕ್ಕೂ ಹೊಸ ಪೇಪರುಗಳು, ಹೊಸ ಗೈಡುಗಳು. 2024–25ಕ್ಕೆ ಮತ್ತೆ ಮೂರು ವರ್ಷದ ಪದವಿ, ಮತ್ತೆ ಹೊಸ ಸಿಲಬಸ್ಸು. ಬುಕ್ ಬ್ಯಾಂಕಿನಲ್ಲಿದ್ದ ಪುಸ್ತಕಗಳ ಗತಿ ಏನಾಯಿತು ಅಂತ ನಿಮಗೇ ಗೊತ್ತಿರುತ್ತೆ. ಇದರ ಮೇಲೆ ಬೆಂಗಳೂರು ವಿಶ್ವವಿದ್ಯಾಲಯ, ನಗರ ವಿಶ್ವವಿದ್ಯಾಲಯ, ಉತ್ತರ ವಿಶ್ವವಿದ್ಯಾಲಯ ಅಂತ ಒಂದೇ ಊರಿನ ಕಾಲೇಜುಗಳು ಮೂರು ಕಡೆ ಹಂಚಿಹೋಗಿವೆ.

ಆದ್ದರಿಂದ ಪುಕ್ಕಟೆ ಅನ್ನೋದಕ್ಕಿಂತ ತಿದ್ದಬಹುದು ಅನ್ನೋದೇ ನಮಗೆ ಜಾಸ್ತಿ ಲಾಭ. ಮುಕ್ತ ಪಠ್ಯಪುಸ್ತಕವನ್ನು ರೆಡಿಮೇಡ್ ಅಂಗಿಯ ಹಾಗೆ ಹಾಕಿಕೊಳ್ಳಬೇಡಿ, ಹೊಲಿಗೆ ಬಿಚ್ಚಿ ನಿಮ್ಮ ಅಳತೆಗೆ ಹೊಲಿಸಿಕೊಳ್ಳಿ. ಅಧ್ಯಾಯಗಳನ್ನು ಹಿಂದೆಮುಂದೆ ಮಾಡಬಹುದು, ಬೇಡದ್ದು ಬಿಡಬಹುದು, ನಿಮ್ಮದು ಸೇರಿಸಬಹುದು, ಕನ್ನಡಕ್ಕೆ ತರಬಹುದು.

ನಿಮ್ಮ ವಿಷಯಕ್ಕೆ ಅದೃಷ್ಟ ಇದೆ. ಓಪನ್‌ಸ್ಟಾಕ್ಸ್ ಮೊದಲು ತಂದ ಪುಸ್ತಕಗಳಲ್ಲೇ ಸಮಾಜಶಾಸ್ತ್ರ ಇತ್ತು, ಈಗ ಅದು ಮೂರನೇ ಆವೃತ್ತಿಗೆ ಬಂದಿದೆ. ಸಮಾಜೀಕರಣ, ಗುಂಪುಗಳು, ಸಂಶೋಧನಾ ವಿಧಾನ, ಇಂಥ ಭಾಗಗಳು ಹೆಚ್ಚುಕಡಿಮೆ ನೇರವಾಗಿ ಒದಗುತ್ತವೆ. ಕುಟುಂಬ, ಆರೋಗ್ಯ, ಸರ್ಕಾರ ಅಂತ ಬಂದ ಕೂಡಲೇ ಅಮೆರಿಕದ ಲೋಕ. ಅಲ್ಲಿನ ಇನ್ಶೂರೆನ್ಸ್ ಕಥೆ ಕಟ್ಟಿಕೊಂಡು ಕೆಂಗೇರಿಯ ಮಕ್ಕಳಿಗೆ ಏನಾಗಬೇಕು? ಅಲ್ಲಿ ಕತ್ತರಿ ಹಾಕಿ. ಜಾತಿಯ ಬಗ್ಗೆ ಬರೆಯುವಾಗ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ರಾಂಪುರ ಅನ್ನೋ ಹಳ್ಳಿಯಲ್ಲಿ ಕಂಡದ್ದನ್ನು ಸೇರಿಸಿ, ಸಂಸ್ಕೃತೀಕರಣವನ್ನು (ಕೆಳಗಿನ ಜಾತಿಯವರು ಮೇಲಿನ ಜಾತಿಯವರ ಆಚಾರಗಳನ್ನು ರೂಢಿಸಿಕೊಳ್ಳುವುದು) ನಿಮ್ಮ ಮಾತಿನಲ್ಲಿ ವಿವರಿಸಿ. ಅವರ ಪುಸ್ತಕದ ಪುಟಗಳನ್ನು ಹಾಗೇ ಎತ್ತಿ ಹಾಕೋ ಹಾಗಿಲ್ಲ, ಅದಕ್ಕೆ ಕಾಪಿರೈಟ್ ಇದೆ. ಲೇಖಕರು ತೀರಿಹೋದ ಮೇಲೂ ನಮ್ಮಲ್ಲಿ 60 ವರ್ಷ ಇರುತ್ತೆ. ವಿಚಾರಕ್ಕೆ ಕಾಪಿರೈಟ್ ಇಲ್ಲ, ಬರೆದ ಮಾತಿಗೆ ಮಾತ್ರ.

ಮಾಡಬೇಕಾದ ಒಂದೇ ಕೆಲಸ, ಮೂಲ ಪುಸ್ತಕದ ಹೆಸರು, ಬರೆದವರು, ಪ್ರಕಟಿಸಿದವರು, ಲೈಸೆನ್ಸ್ ಯಾವುದು, ನೀವು ಏನು ಬದಲಾಯಿಸಿದಿರಿ, ಇಷ್ಟನ್ನು ಮೊದಲ ಪುಟದಲ್ಲಿ ಬರೆದು, ಮೂಲದ ಲಿಂಕ್ ಹಾಕುವುದು. ಲೈಸೆನ್ಸ್ ಪ್ರತಿ ಪುಸ್ತಕಕ್ಕೂ ಬೇರೆ ಇರಬಹುದು, ಆ ಪುಸ್ತಕದ ಮುನ್ನುಡಿಯಲ್ಲೇ ಬರೆದಿರುತ್ತಾರೆ, ನೋಡಿಕೊಳ್ಳಿ. ಇಡೀ ಪುಸ್ತಕಕ್ಕೆ ಕೈ ಹಾಕಬೇಡಿ. ಒಂದು ಸೆಮಿಸ್ಟರಿಗೆ ಒಂದು ಯೂನಿಟ್ ಸಾಕು.

ಟೆಲಿಗ್ರಾಂ ಗ್ರೂಪಿನಲ್ಲಿ ಎಲ್ಲಾ ಪುಸ್ತಕದ ಪಿಡಿಎಫ್ ಸಿಗುತ್ತೆ. ಅದೂ ಪುಕ್ಕಟೆ, ಇದೂ ಪುಕ್ಕಟೆ. ಏನು ವ್ಯತ್ಯಾಸ? — ಬಿ.ಕಾಂ. ವಿದ್ಯಾರ್ಥಿ, ಪೀಣ್ಯ

ನಾಳೆ ಬೆಳಗ್ಗೆ ಪರೀಕ್ಷೆ ಇಟ್ಟುಕೊಂಡು ಇವತ್ತು ರಾತ್ರಿ ಓದುವ ನಿಮಗೆ ಏನೂ ವ್ಯತ್ಯಾಸ ಕಾಣಲ್ಲ, ಅದನ್ನು ಒಪ್ಪೋಣ. ಕಾಪಿರೈಟ್ ಇರುವ ಪುಸ್ತಕವನ್ನು ಹಾಗೆ ಹಂಚುವುದು ಕಾನೂನಿನ ಪ್ರಕಾರ ತಪ್ಪು ಅನ್ನೋದೂ ನಿಮಗೆ ಗೊತ್ತಿರುವುದೇ. ನಾನು ಹೇಳೋದು ಬೇರೆ. ಆ ಪಿಡಿಎಫ್ ಅನ್ನು ನಿಮ್ಮ ಮೇಷ್ಟ್ರು ಸಿಲಬಸ್ ಪಟ್ಟಿಯಲ್ಲಿ ಧೈರ್ಯವಾಗಿ ಬರೆಯೋಕಾಗಲ್ಲ. ಲೈಬ್ರರಿಯವರು ಪ್ರಿಂಟ್ ಮಾಡಿಸಿ ಇಡೋಕಾಗಲ್ಲ. ಯಾರೂ ಅದನ್ನು ತಿದ್ದಿ ಮತ್ತೆ ಬಿಡೋಕಾಗಲ್ಲ. ಕಾಮರ್ಸ್‌ನಲ್ಲಿ ಈ ತಿದ್ದುವುದೇ ದೊಡ್ಡ ವಿಷಯ. ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. 2025ರ ಸೆಪ್ಟೆಂಬರ್ 22ರಿಂದ ಬಹುಪಾಲು ವಸ್ತುಗಳಿಗೆ 12 ಮತ್ತು 28 ಪರ್ಸೆಂಟಿನ ಹಂತಗಳು ಹೋದವು. ಆದಾಯ ತೆರಿಗೆಗೆ 1961ರ ಕಾಯ್ದೆ ಹೋಗಿ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ. ಗ್ರೂಪಿನಲ್ಲಿ ತಿರುಗುತ್ತಿರುವ ಸ್ಕ್ಯಾನ್ ಯಾವ ವರ್ಷದ್ದು ಅಂತ ಒಂದು ಸಲ ನೋಡಿ, ಸಾಮಾನ್ಯವಾಗಿ ಆ ಪುಟವೇ ಇರಲ್ಲ.

ಹಾಗಂತ ಓಪನ್‌ಸ್ಟಾಕ್ಸ್‌ನ ಅಕೌಂಟಿಂಗ್ ಪುಸ್ತಕದಿಂದ ಪೂರ್ತಿ ಕೆಲಸ ಆಗುತ್ತೆ ಅಂತಲೂ ತಿಳಿಯಬೇಡಿ. ಡೆಬಿಟ್, ಕ್ರೆಡಿಟ್, ಜರ್ನಲ್, ಲೆಡ್ಜರ್ ಎಲ್ಲಾ ಕಡೆ ಒಂದೇ. ಅದನ್ನು ಅವರು ಚೆನ್ನಾಗಿಯೇ ಬಿಡಿಸಿ ಹೇಳಿದ್ದಾರೆ. ತೆರಿಗೆ, ಕಂಪನಿ ಕಾನೂನು ಬಂದರೆ ಇಲ್ಲಿನ ಪುಸ್ತಕವೇ ಬೇಕು.

ಕಾಲೇಜಿನ ಎದುರು ನಮ್ಮ ಜೆರಾಕ್ಸ್ ಅಂಗಡಿ ಇದೆ. ಇಂಥ ಫ್ರೀ ಪುಸ್ತಕವನ್ನು ಪ್ರಿಂಟ್ ಹಾಕಿ, ಸ್ಪೈರಲ್ ಬೈಂಡಿಂಗ್ ಮಾಡಿ ಮಾರಿದರೆ ಕೇಸ್ ಆಗುತ್ತಾ? — ಅಂಗಡಿಯವರು, ವಿಜಯನಗರ

ಈ ಸಲ ಬಂದ ಪ್ರಶ್ನೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು. ಮಕ್ಕಳ ಕೈಗೆ ನಿಜವಾಗಿ ಓದುವ ಸಾಮಗ್ರಿ ತಲುಪುವುದು ನಿಮ್ಮ ಅಂಗಡಿಯಿಂದಲೇ, ಅಲ್ವಾ.

ಪುಸ್ತಕದ ಒಳಗೆ ಕ್ರಿಯೇಟಿವ್ ಕಾಮನ್ಸ್ ಅಂತ ಒಂದು ಲೈಸೆನ್ಸ್ ಬರೆದಿರುತ್ತೆ. ಅದರ ಮೊದಲ ರೂಪಗಳು ಬಂದದ್ದು 2002ರಲ್ಲಿ. ಬರೀ 'ಸಿಸಿ ಬೈ' ಅಂತಿದ್ದರೆ ಪ್ರಿಂಟ್ ಹಾಕಿ, ಬೆಲೆ ಇಟ್ಟು, ಲಾಭಕ್ಕೇ ಮಾರಿ, ಯಾರೂ ಕೇಳಲ್ಲ. ಬರೆದವರ ಹೆಸರು, ಲೈಸೆನ್ಸಿನ ಪುಟ ಕಿತ್ತುಹಾಕಬಾರದು, ಅಷ್ಟೇ. 'ಎಸ್‌ಎ' ಸೇರಿದ್ದರೆ, ತಿದ್ದಿ ಹಂಚುವವರು ತಿದ್ದಿದ್ದನ್ನೂ ಅದೇ ಲೈಸೆನ್ಸಿನಲ್ಲಿ ಬಿಡಬೇಕು. 'ಎನ್‌ಡಿ' ಇದ್ದರೆ ತಿದ್ದಿದ್ದನ್ನು ಹಂಚುವ ಹಾಗಿಲ್ಲ, ಇದ್ದ ಹಾಗೇ ಕೊಡಬೇಕು. ತಲೆನೋವು ಇರುವುದು 'ಎನ್‌ಸಿ' ಅನ್ನೋದರಲ್ಲಿ, ಅಂದರೆ ವ್ಯಾಪಾರಕ್ಕೆ ಬಳಸಬಾರದು ಅನ್ನೋ ಷರತ್ತು.

ಇದರ ಮೇಲೆ ಅಮೆರಿಕದಲ್ಲಿ ಒಂದು ಕೇಸೇ ನಡೆದಿದೆ. ಗ್ರೇಟ್ ಮೈಂಡ್ಸ್ ಅನ್ನೋ ಸಂಸ್ಥೆಯ ಶಾಲಾ ಪಠ್ಯ ಎನ್‌ಸಿ ಲೈಸೆನ್ಸಿನಲ್ಲಿತ್ತು. ಶಾಲೆಯವರು ಅದನ್ನು ಫೆಡೆಕ್ಸ್‌ನ ಪ್ರಿಂಟ್ ಅಂಗಡಿಗೆ ಕೊಟ್ಟು, ದುಡ್ಡು ಕೊಟ್ಟು ಪ್ರತಿ ಮಾಡಿಸಿದರು. ಅಂಗಡಿ ಲಾಭ ಮಾಡಿತಲ್ಲ ಅಂತ ಸಂಸ್ಥೆ ಕೋರ್ಟಿಗೆ ಹೋಯಿತು. 2018ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು ಹೇಳಿದ್ದೇನೆಂದರೆ, ಬಳಸುತ್ತಿರುವುದು ಶಾಲೆ, ಅದು ವ್ಯಾಪಾರಕ್ಕಲ್ಲ, ಅಂಗಡಿ ಅವರ ಪರವಾಗಿ ಪ್ರತಿ ತೆಗೆದುಕೊಟ್ಟಿದೆ ಅಷ್ಟೇ, ತಪ್ಪಿಲ್ಲ. ಅಮೆರಿಕದ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕಲ್ಲ, ಆದರೂ ಗೆರೆ ಎಲ್ಲಿದೆ ಅಂತ ಇದರಿಂದ ಗೊತ್ತಾಗುತ್ತೆ. ವಿದ್ಯಾರ್ಥಿಯೋ ಮೇಷ್ಟ್ರೋ ಫೈಲ್ ತಂದು ಪ್ರಿಂಟ್ ಹಾಕಿಸಿಕೊಂಡರೆ ಒಂದು ಮಾತು. ನೀವೇ ನೂರು ಪ್ರತಿ ಹಾಕಿ, ಬೋರ್ಡ್ ತೂಗುಹಾಕಿ ಮಾರಿದರೆ ಇನ್ನೊಂದು. ಎನ್‌ಸಿ ಇದ್ದರೆ ಎರಡನೆಯದಕ್ಕೆ ಹೋಗಬೇಡಿ.

ದೆಹಲಿಯ ಕೇಸ್ ಬಗ್ಗೆಯೂ ಕೇಳಿರುತ್ತೀರಿ. ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಒಂದು ಜೆರಾಕ್ಸ್ ಅಂಗಡಿ, ಮೇಷ್ಟ್ರುಗಳು ಗುರುತು ಹಾಕಿಕೊಟ್ಟ ಅಧ್ಯಾಯಗಳನ್ನು ಒಟ್ಟು ಮಾಡಿ ಕೋರ್ಸ್ ಪ್ಯಾಕ್ ಅಂತ ಕೊಡುತ್ತಿತ್ತು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶಕರು 2012ರಲ್ಲಿ ದಾವೆ ಹೂಡಿದರು. 2016ರಲ್ಲಿ ಹೈಕೋರ್ಟು, ಪಾಠದ ಭಾಗವಾಗಿ ಹೀಗೆ ಪ್ರತಿ ಮಾಡಲು 1957ರ ಕಾಪಿರೈಟ್ ಕಾಯ್ದೆಯಲ್ಲೇ ಅವಕಾಶ ಇದೆ ಅಂತು. ಮರುವರ್ಷ ಪ್ರಕಾಶಕರು ಕೇಸನ್ನೇ ವಾಪಸ್ ತಗೊಂಡರು. ಇದನ್ನು ಕೇಳಿ ಎಲ್ಲಾ ಪುಸ್ತಕವನ್ನೂ ಇಡಿಯಾಗಿ ಜೆರಾಕ್ಸ್ ಮಾಡಿ ಮಾರಬಹುದು ಅಂತ ಕೆಲವರು ತಿಳಿದಿದ್ದಾರೆ. ಕೋರ್ಟು ಹೇಳಿದ್ದು ಕಾಲೇಜಿನ ಪಾಠಕ್ಕೆ ಬೇಕಾದ ಪ್ಯಾಕ್ ಬಗ್ಗೆ. ನಿಮ್ಮ ಪಕ್ಕದ ಕಾಲೇಜಿನ ಮೇಷ್ಟ್ರುಗಳ ಹತ್ತಿರ ಮಾತಾಡಿ, ಅವರು ಮುಕ್ತ ಪುಸ್ತಕದಿಂದ ಯೂನಿಟ್ ಪ್ರಕಾರ ಪ್ಯಾಕ್ ಮಾಡಿಕೊಟ್ಟರೆ ನಿಮಗೂ ಗಿರಾಕಿ, ಮಕ್ಕಳಿಗೂ ಪುಸ್ತಕ.

ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಕಲಿಸಿ ನಿವೃತ್ತನಾಗಿದ್ದೇನೆ. ಹಳ್ಳಿಯಿಂದ ಬಂದ ಮಕ್ಕಳಿಗಾಗಿ ಕನ್ನಡದಲ್ಲಿ ಬರೆದ ನೋಟ್ಸ್ ಕಂಪ್ಯೂಟರಿನಲ್ಲಿದೆ, ಅಷ್ಟನ್ನೂ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಯಾರು ಬೇಕಾದರೂ ಬಳಸಲಿ ಅನ್ನುವುದು ನನ್ನ ಆಸೆ. ಹೇಗೆ ಕೊಡುವುದು? — ನಿವೃತ್ತ ಉಪನ್ಯಾಸಕರು, ಬಸವನಗುಡಿ

ಮೇಷ್ಟ್ರೇ, ನಿಮ್ಮಂಥವರ ಹಾರ್ಡ್‌ಡಿಸ್ಕುಗಳಲ್ಲಿ ಎಷ್ಟು ಕನ್ನಡ ಪಠ್ಯ ಕೊಳೆಯುತ್ತಾ ಬಿದ್ದಿದೆಯೋ. ದಯವಿಟ್ಟು ಕೊಡಿ.

ಹಳೆಯ ನುಡಿಯಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ (ಎಲ್ಲಾ ಕಂಪ್ಯೂಟರಿನಲ್ಲೂ ಒಂದೇ ಥರ ಕಾಣುವ ಅಕ್ಷರ ವ್ಯವಸ್ಥೆ) ಅಲ್ಲದಿದ್ದರೆ ಮೊದಲು ಅದನ್ನು ಬದಲಾಯಿಸಬೇಕು. ಇಲ್ಲದಿದ್ದರೆ ಬೇರೆಯವರ ಕಂಪ್ಯೂಟರಿನಲ್ಲಿ ಅದು ಚಿತ್ರವಿಚಿತ್ರ ಅಕ್ಷರವಾಗಿ ಕಾಣುತ್ತೆ. ಪಿಡಿಎಫ್ ಮಾಡಿಟ್ಟರೆ ಕಣ್ಣಿಗೆ ಸರಿ ಕಂಡರೂ ಒಳಗೆ ಹುಡುಕೋಕಾಗಲ್ಲ, ಕಾಪಿ ಮಾಡೋಕಾಗಲ್ಲ. ಬದಲಾಯಿಸುವ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ, ಆದರೆ ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಅಲ್ಲಲ್ಲಿ ಕೆಡಿಸುತ್ತವೆ, ಸೂತ್ರಗಳ ಗ್ರೀಕ್ ಅಕ್ಷರಗಳನ್ನಂತೂ ಕೇಳಲೇಬೇಡಿ. ಕೂತು ಒಂದು ಸಲ ಕರಡು ತಿದ್ದಲೇಬೇಕು. ಮನೆಯಲ್ಲಿ ಮೊಮ್ಮಕ್ಕಳಿದ್ದರೆ ಕೂರಿಸಿಕೊಳ್ಳಿ.

ಆಮೇಲೆ ಚಿತ್ರಗಳು. ಸರ್ಕ್ಯೂಟ್, ಮೋಟಾರ್ ಚಿತ್ರಗಳನ್ನು ಬೇರೆ ಪುಸ್ತಕದಿಂದ ಸ್ಕ್ಯಾನ್ ಮಾಡಿ ಅಂಟಿಸಿದ್ದರೆ ಅವನ್ನು ತೆಗೆಯಿರಿ. ಕ್ಲಾಸಿನ ನೋಟ್ಸಿನಲ್ಲಿ ನಡೆಯುತ್ತಿತ್ತು, ಲೋಕಕ್ಕೆಲ್ಲ ಬಿಡುವಾಗ ನಡೆಯಲ್ಲ. ವಿಕಿಮೀಡಿಯ ಕಾಮನ್ಸ್ ಅನ್ನೋ ತಾಣದಲ್ಲಿ ಮುಕ್ತ ಲೈಸೆನ್ಸಿನ ಚಿತ್ರಗಳು ಬೇಕಾದಷ್ಟಿವೆ. ಇಲ್ಲಾ ಕೈಯಲ್ಲೇ ಬರೆದು ಫೋಟೊ ತೆಗೆದು ಹಾಕಿ, ಮೇಷ್ಟ್ರ ಕೈಬರಹದ ಸರ್ಕ್ಯೂಟ್ ನೋಡೋಕೆ ಚೆನ್ನಾಗೇ ಇರುತ್ತೆ.

ಇನ್ನು ಹಕ್ಕು ಯಾರದ್ದು? ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ನೌಕರಿಯ ಕೆಲಸದ ಭಾಗವಾಗಿ ಬರೆದದ್ದರ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿ ಕೊಟ್ಟವರದ್ದು. ಇಲಾಖೆ ಹೇಳಿ ಬರೆಸಿದ ಲ್ಯಾಬ್ ಮ್ಯಾನುಯಲ್ ಇದ್ದರೆ ಅದನ್ನು ಬೇರೆ ಇಡಿ. ರಾತ್ರಿ ಮನೆಯಲ್ಲಿ ಕೂತು ನಿಮ್ಮ ಇಷ್ಟಕ್ಕೆ ಬರೆದ ನೋಟ್ಸಿಗೆ ಈ ಮಾತು ಅಷ್ಟಾಗಿ ಅನ್ವಯಿಸಲ್ಲ, ಆದರೂ ನಿಮ್ಮ ಹಳೆಯ ಕಾಲೇಜಿನಿಂದ ನಮ್ಮ ಅಭ್ಯಂತರ ಇಲ್ಲ ಅಂತ ಒಂದು ಕಾಗದ ತಗೊಂಡರೆ ನಿಶ್ಚಿಂತೆ. ಹಿಂದೆ ಯಾವುದಾದರೂ ಪ್ರಕಾಶಕರಿಗೆ ಇದೇ ನೋಟ್ಸ್ ಕೊಟ್ಟು ಸಹಿ ಮಾಡಿದ್ದರೆ ಆ ಒಪ್ಪಂದ ತೆಗೆದು ಓದಿ.

ಲೈಸೆನ್ಸ್ ಆರಿಸುವಾಗ ಬಹಳ ಜನ ಎನ್‌ಸಿ ಹಾಕುತ್ತಾರೆ, ನನ್ನ ನೋಟ್ಸಿನಿಂದ ಯಾರೋ ದುಡ್ಡು ಮಾಡಿಕೊಂಡರೆ ಅಂತ. ನನ್ನ ಕೇಳಿದರೆ ಬೇಡ. ಎನ್‌ಸಿ ಇದ್ದರೆ ಕನ್ನಡ ವಿಕಿಪೀಡಿಯಕ್ಕೆ ಅದನ್ನು ಸೇರಿಸೋಕಾಗಲ್ಲ, ವಿಜಯನಗರದ ಆ ಅಂಗಡಿಯವರೂ ಹಿಂಜರಿಯುತ್ತಾರೆ. ಸಿಸಿ ಬೈ–ಎಸ್‌ಎ ಹಾಕಿ. ಯಾರು ತಿದ್ದಿ ಹಂಚಿದರೂ ಅದೂ ಮುಕ್ತವಾಗಿಯೇ ಇರಬೇಕಾಗುತ್ತೆ, ಬೀಗ ಹಾಕೋಕಾಗಲ್ಲ. ಒಂದು ವಿಷಯ ನೆನಪಿರಲಿ, ಒಮ್ಮೆ ಕೊಟ್ಟ ಲೈಸೆನ್ಸನ್ನು ಪಡೆದವರಿಂದ ವಾಪಸ್ ತಗೊಳ್ಳೋಕಾಗಲ್ಲ. ಒಂದು ವಾರ ಯೋಚನೆ ಮಾಡಿಯೇ ಹಾಕಿ.

ಇಂಟರ್ನೆಟ್ ಆರ್ಕೈವ್ ಅನ್ನೋ ಪುಕ್ಕಟೆ ಸಂಗ್ರಹ ತಾಣಕ್ಕೆ ಹಾಕಿದರೆ ಸದ್ಯಕ್ಕೆ ಸಾಕು. ಪಿಡಿಎಫ್ ಜೊತೆ ಟೈಪ್ ಮಾಡಿದ ಮೂಲ ಫೈಲನ್ನೂ ಹಾಕಿ, ಅದಿಲ್ಲದೆ ತಿದ್ದಿಕೊಳ್ಳಿ ಅನ್ನೋದು ಸುಮ್ನೆ ಬಾಯಿಮಾತಾಗುತ್ತೆ.

ಪಿಯುಸಿವರೆಗೂ ಕನ್ನಡದಲ್ಲಿ ಓದಿ ಈಗ ಇಂಗ್ಲಿಷಿನಲ್ಲಿ ಬಿ.ಎಸ್‌ಸಿ. ಓದುತ್ತಿದ್ದೇನೆ. ಕನ್ನಡದಲ್ಲಿ ಫ್ರೀ ಪುಸ್ತಕ ಏನೂ ಇಲ್ವಾ? — ವಿದ್ಯಾರ್ಥಿನಿ, ಹೆಸರಘಟ್ಟ

ಕಡಿಮೆ ಇದೆ, ಅದರಲ್ಲೂ ಡಿಗ್ರಿ ಮಟ್ಟಕ್ಕೆ. ಶಾಲೆಯ ಮಟ್ಟದಲ್ಲಿ ಪರವಾಗಿಲ್ಲ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಅಂತ ಒಂದು ತಾಣ ಇದೆ, ರಾಜ್ಯ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ನಮ್ಮ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಸರ್ಕಾರಿ ಶಾಲೆ ಮೇಷ್ಟ್ರುಗಳ ಕೈಯಲ್ಲೇ ಬರೆಸಿದ್ದು. ಚಿಕ್ಕ ಮಕ್ಕಳಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಅನ್ನೋ ಕಥೆಪುಸ್ತಕಗಳ ತಾಣ ಇದೆ, ಅದೂ ಬೆಂಗಳೂರಿನದೇ, 2015ರಿಂದ ನಡೆಯುತ್ತಿದೆ.

ನಿಮಗೆ ಬೇಕಾದ್ದಕ್ಕೆ ಮೂರು ಕಡೆ ನೋಡಿ. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ ಎನ್‌ಪಿಟಿಇಎಲ್ ಆನ್‌ಲೈನ್ ಪಾಠಗಳಲ್ಲಿ ಕೆಲವಕ್ಕೆ ಕನ್ನಡ ಅನುವಾದ ಸಿಗುತ್ತೆ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇಯ ಇ–ಕುಂಭ್ ತಾಣದಲ್ಲಿ ಡಿಪ್ಲೊಮಾ, ಎಂಜಿನಿಯರಿಂಗ್ ಪುಸ್ತಕಗಳು ಕನ್ನಡದಲ್ಲೂ ಇವೆ, ಗಣಿತ, ಭೌತಶಾಸ್ತ್ರಕ್ಕೆ ಅವು ನಿಮಗೂ ಆಗಿಬರುತ್ತವೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅನುವಾದ ಸಂಪದದಲ್ಲಿ ಶಿಕ್ಷಣ, ಸಮಾಜ ವಿಜ್ಞಾನದ ಲೇಖನಗಳಿವೆ. ಇಂಗ್ಲಿಷ್ ಆದರೂ ಸರಳವಾಗಿ ಬೇಕು ಅಂದರೆ ಎನ್‌ಸಿಇಆರ್‌ಟಿಯ 11, 12ನೇ ತರಗತಿ ಪುಸ್ತಕ ಡೌನ್‌ಲೋಡ್ ಮಾಡಿಕೊಂಡು ಮೊದಲ ಸೆಮಿಸ್ಟರಿಗೆ ಮುಂಚೆ ಓದಿಬಿಡಿ. ಅದು ಓದೋಕೆ ಪುಕ್ಕಟೆ, ಮುಕ್ತ ಲೈಸೆನ್ಸ್ ಅಲ್ಲ. ಅಚ್ಚು ಹಾಕಿ ಹಂಚಬಾರದು.

ಮೊಬೈಲಿನಲ್ಲಿ ಇಡೀ ಅಧ್ಯಾಯವನ್ನು ಯಂತ್ರದಿಂದ ಕನ್ನಡ ಮಾಡಿಸಿಕೊಂಡು ಓದುವವರು ಈಗ ಜಾಸ್ತಿ. ಸ್ಥೂಲವಾಗಿ ಅರ್ಥ ಆಗೋಕೆ ಸರಿ. ಪರಿಭಾಷೆ ಎಲ್ಲಾ ಎಡವಟ್ಟಾಗಿರುತ್ತೆ, ಲೆಕ್ಕದ ಸಾಲುಗಳು ಮುರಿದಿರುತ್ತವೆ. ಪಕ್ಕದಲ್ಲಿ ಇಂಗ್ಲಿಷ್ ಪುಟ ತೆರೆದಿಟ್ಟುಕೊಂಡೇ ಓದಿ, ಪರೀಕ್ಷೆ ಬರೆಯುವುದು ಅದರಲ್ಲೇ ತಾನೆ.

ಸರ್ಕಾರ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ತಂದಿದೆಯಲ್ಲ, ಇನ್ನು ಪುಸ್ತಕದ ಚಿಂತೆ ಯಾಕೆ? — ಓದುಗರು, ಜಯನಗರ

ಅದು ಸಂಶೋಧನಾ ಪತ್ರಿಕೆಗಳಿಗೆ, ಪಠ್ಯಪುಸ್ತಕಕ್ಕಲ್ಲ. 2025ರ ಜನವರಿಯಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13 ಸಾವಿರ ಜರ್ನಲ್ ಓದಲು ಸಿಗುತ್ತೆ. ಪಿಎಚ್‌.ಡಿ. ಮಾಡುವವರಿಗೆ ಹಬ್ಬ. ಎರಡನೇ ಸೆಮಿಸ್ಟರಿನ ಹುಡುಗನಿಗೆ ಅದರಿಂದ ಏನೂ ಆಗಲ್ಲ.

ಪುಕ್ಕಟೆ ಕೊಡುವುದು ಎಂದರೆ ಗುಣಮಟ್ಟ ಅಷ್ಟಕ್ಕಷ್ಟೇ ಇರುತ್ತದೆ. ಮಗಳ ಕಾಲೇಜಿನಲ್ಲಿ ಇಂಥ ಪುಸ್ತಕ ಬಳಸುತ್ತಾರಂತೆ. ಒಪ್ಪಬಹುದೇ? — ಪೋಷಕರು, ರಾಜಾಜಿನಗರ

ನಿಮ್ಮ ಅನುಮಾನ ಸಹಜ. ಆದರೆ ಓಪನ್‌ಸ್ಟಾಕ್ಸ್‌ನಂಥ ಪುಸ್ತಕಗಳನ್ನು ಸುಮ್ನೆ ಯಾರೋ ಬರೆದು ಹಾಕಿರಲ್ಲ. ಪ್ರಾಧ್ಯಾಪಕರಿಗೆ ದುಡ್ಡು ಕೊಟ್ಟು ಬರೆಸಿ, ಬೇರೆ ಪ್ರಾಧ್ಯಾಪಕರಿಂದ ಪರಿಶೀಲನೆ ಮಾಡಿಸುತ್ತಾರೆ, ತಪ್ಪು ತೋರಿಸಿದರೆ ತಿದ್ದುತ್ತಾರೆ. ಖರ್ಚು ದಾನಿ ಸಂಸ್ಥೆಗಳದ್ದು. ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ 21 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಫಲಿತಾಂಶ ನೋಡಿ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು: ದುಬಾರಿ ಪುಸ್ತಕ ಬಿಟ್ಟು ಇವಕ್ಕೆ ಬಂದ ಮೇಲೆ ಅಂಕ ಕಡಿಮೆಯಾಗಲಿಲ್ಲ, ಹೆಚ್ಚಾಯಿತು, ಅದರಲ್ಲೂ ಬಡವರ ಮನೆಯ ಮಕ್ಕಳಿಗೆ ಜಾಸ್ತಿ. ಪುಸ್ತಕ ಚೆನ್ನಾಗಿದೆ ಅನ್ನೋದಕ್ಕಿಂತ, ಕ್ಲಾಸು ಶುರುವಾದ ಮೊದಲ ದಿನವೇ ಎಲ್ಲರ ಕೈಯಲ್ಲೂ ಪುಸ್ತಕ ಇತ್ತು ಅನ್ನೋದೇ ಕಾರಣ ಇರಬಹುದು ಅಂತ ನನ್ನ ಅಂದಾಜು. ಮಗಳ ಪುಸ್ತಕದ ಒಂದು ಅಧ್ಯಾಯ ನೀವೇ ಓದಿ ನೋಡಿ. ಆಮೇಲೆ ಅದೇ ವಿಷಯದ ಗೈಡನ್ನೂ ಓದಿ.

ನನ್ನ ತಮ್ಮನಿಗೆ ಕಣ್ಣು ಕಾಣಿಸಲ್ಲ, ಬಿ.ಎ. ಸೇರಿದ್ದಾನೆ. ಅವನಿಗೆ ಇದರಿಂದ ಏನಾದರೂ ಉಪಯೋಗ ಇದೆಯಾ? — ಅಕ್ಕ, ಮಲ್ಲೇಶ್ವರ

ತುಂಬಾ ಇದೆ. ಓಪನ್‌ಸ್ಟಾಕ್ಸ್ ಥರದ ಪುಸ್ತಕಗಳು ವೆಬ್ ಪುಟವಾಗಿಯೂ ಸಿಗುತ್ತವೆ. ಎನ್‌ವಿಡಿಎ ಅನ್ನೋ ಪುಕ್ಕಟೆ ತಂತ್ರಾಂಶ ಕಂಪ್ಯೂಟರಿಗೆ ಹಾಕಿದರೆ ಅದು ಓದಿ ಹೇಳುತ್ತೆ, ಕನ್ನಡವನ್ನೂ ಓದುತ್ತೆ, ಯೂನಿಕೋಡ್ ಆಗಿದ್ದರೆ ಮಾತ್ರ. ಕಾಪಿರೈಟ್ ಇರುವ ಪುಸ್ತಕಗಳಿಗೂ ದಾರಿ ಇದೆ. ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿ ಆದಮೇಲೆ, ಅಂಗವಿಕಲರು ಓದಬಲ್ಲ ರೂಪಕ್ಕೆ ಪುಸ್ತಕವನ್ನು ಬದಲಾಯಿಸಿಕೊಳ್ಳಲು ಪ್ರಕಾಶಕರ ಒಪ್ಪಿಗೆ ಬೇಕಿಲ್ಲ. ಇದೇ ಉದ್ದೇಶದ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದು. ಎಚ್‌ಎಸ್‌ಆರ್ ಲೇಔಟಿನ ಮಿತ್ರ ಜ್ಯೋತಿ ಸಂಸ್ಥೆಯವರು ಧ್ವನಿ ಪುಸ್ತಕ ಮಾಡುತ್ತಾರೆ, ಸಿಲಬಸ್ ಪಟ್ಟಿ ಹಿಡಿದುಕೊಂಡು ಒಂದು ಸಲ ಹೋಗಿ ವಿಚಾರಿಸಿ.

ನಮ್ಮ ವಿಭಾಗದ ಕೆಲವರು ಸೇರಿ ಸ್ಟ್ಯಾಟಿಸ್ಟಿಕ್ಸ್‌ಗೆ ಇಂಥದ್ದೊಂದು ಪುಸ್ತಕ ಮಾಡೋಣ ಅಂತಿದ್ದೇವೆ. ಎಲ್ಲಿಂದ ಶುರು ಮಾಡುವುದು? ಇದಕ್ಕೆ ಬಡ್ತಿಯಲ್ಲಿ ಏನಾದರೂ ಲೆಕ್ಕ ಇದೆಯೇ? — ವಿಭಾಗದ ಮುಖ್ಯಸ್ಥರು, ಯಲಹಂಕ

ಎರಡನೆಯದಕ್ಕೆ ಮೊದಲು ಉತ್ತರ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಇ–ಕಂಟೆಂಟ್, ಅಂದರೆ ಡಿಜಿಟಲ್ ಪಾಠಗಳ ತಯಾರಿಗೆ ಅಂಕಗಳಿವೆ, ಆದ್ದರಿಂದ ಕಾಯಂ ಇರುವವರು ಅದರಲ್ಲಿ ತೋರಿಸಬಹುದು. ಅತಿಥಿ ಉಪನ್ಯಾಸಕರಿಗೆ ಬಡ್ತಿಯೇ ಇಲ್ಲ, ಅಂಕ ತಗೊಂಡು ಏನು ಮಾಡುತ್ತಾರೆ? ಬರೆಯುವ ಕೆಲಸ ಬಹಳಷ್ಟು ಅವರ ತಲೆ ಮೇಲೇ ಬೀಳುತ್ತೆ ಅನ್ನೋದೂ ನಿಮಗೆ ಗೊತ್ತಿದೆ. ಕ್ಯಾಲಿಫೋರ್ನಿಯಾ ಸರ್ಕಾರ ಕಮ್ಯುನಿಟಿ ಕಾಲೇಜುಗಳ ಶೂನ್ಯ ಪುಸ್ತಕ ಖರ್ಚಿನ ಡಿಗ್ರಿಗಳಿಗೆ 2016ರಲ್ಲಿ 50 ಲಕ್ಷ ಡಾಲರ್, 2021ರಲ್ಲಿ 11.5 ಕೋಟಿ ಡಾಲರ್ ಇಟ್ಟಿತು. ಪುಸ್ತಕ ಪುಕ್ಕಟೆ ಆಗಬಹುದು, ಮಾಡುವವರ ಸಮಯಕ್ಕೆ ಯಾರಾದರೂ ದುಡ್ಡು ಕೊಡಲೇಬೇಕು. ನಿಮ್ಮ ಪ್ರಿನ್ಸಿಪಾಲರಿಂದ ದುಡ್ಡು ಬರದಿದ್ದರೂ ವಾರಕ್ಕೆ ಎರಡು ಗಂಟೆ ಕ್ಲಾಸು ಕಡಿಮೆ ಮಾಡಿಸಿಕೊಳ್ಳಿ, ಅತಿಥಿ ಉಪನ್ಯಾಸಕರ ಸಂಬಳ ಕತ್ತರಿಸದೆ. ಮುಖಪುಟದಲ್ಲಿ ಅವರ ಹೆಸರೂ ಬರಲಿ, ನಿಮ್ಮದರಷ್ಟೇ ದೊಡ್ಡ ಅಕ್ಷರದಲ್ಲಿ.

ಶುರು ಮಾಡುವುದು ಪುಸ್ತಕದಿಂದ ಬೇಡ, ಲೆಕ್ಕಗಳಿಂದ. ವಿವರಣೆ ಭಾಗ ಓಪನ್‌ಸ್ಟಾಕ್ಸ್‌ನ ಸ್ಟ್ಯಾಟಿಸ್ಟಿಕ್ಸ್ ಪುಸ್ತಕದಲ್ಲಿ ಸಿದ್ಧವಾಗಿಯೇ ಇದೆ. ಇಲ್ಲದ್ದು ನಮ್ಮ ಅಂಕಿಅಂಶ ಇಟ್ಟು ಮಾಡಿದ ಲೆಕ್ಕ, ನಮ್ಮ ಪರೀಕ್ಷೆಯ ಮಾದರಿಯ ಪ್ರಶ್ನೆ. ಬೇಸ್‌ಬಾಲ್ ಸ್ಕೋರಿನ ಸರಾಸರಿ ಬದಲು ನಿಮ್ಮ ಹುಡುಗರು ಬಸ್ಸಿಗೆ ಎಷ್ಟು ಹೊತ್ತು ಕಾದರು ಅಂತ ಅವರ ಕೈಯಲ್ಲೇ ಬರೆಸಿ, ಅದನ್ನೇ ಡೇಟಾ ಮಾಡಿ, ಹೆಸರು ಮಾತ್ರ ತೆಗೆದುಹಾಕಿ. ಪ್ರತಿಯೊಬ್ಬರೂ ಹತ್ತು ಲೆಕ್ಕ, ಬಿಡಿಸಿದ ಹೆಜ್ಜೆಗಳ ಸಮೇತ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಬಿಡಿಸಿ ನೋಡಲಿ. ಆ ಸೆಮಿಸ್ಟರಿಗೇ ಕ್ಲಾಸಿನಲ್ಲಿ ಬಳಸಿ, ಉತ್ತರ ತಪ್ಪಿದ್ದನ್ನು ಹುಡುಗರೇ ಹಿಡಿದುಕೊಡುತ್ತಾರೆ, ಅದರಲ್ಲಿ ಅವರಿಗೆ ಬಹಳ ಖುಷಿ.

ಫೈಲಿನ ಒಡೆತನ ಒಬ್ಬರ ಲ್ಯಾಪ್‌ಟಾಪಿನಲ್ಲಿ ಇರಬಾರದು, ವರ್ಗಾವಣೆ ಆದರೆ ಪುಸ್ತಕವೂ ಅವರ ಜೊತೆ ಹೋಗುತ್ತೆ. ಕಾಲೇಜಿನ ಖಾತೆಯಲ್ಲಿಡಿ, ಪಾಸ್‌ವರ್ಡ್ ಇಬ್ಬರ ಹತ್ತಿರ ಇರಲಿ. ಲೈಸೆನ್ಸ್ ಯಾವುದು ಅನ್ನೋದನ್ನು ಬರೆಯುವ ಮುಂಚೆಯೇ ಎಲ್ಲರೂ ಸಹಿ ಹಾಕಿ ತೀರ್ಮಾನ ಮಾಡಿಕೊಳ್ಳಿ. ಓಪನ್‌ಸ್ಟಾಕ್ಸ್‌ನಿಂದ ಎತ್ತಿಕೊಂಡ ಭಾಗಕ್ಕೆ ಎಸ್‌ಎ ಷರತ್ತು ಇದ್ದರೆ ನಿಮ್ಮದಕ್ಕೂ ಅದೇ ಬರುತ್ತೆ, ಆಮೇಲೆ ಗೊತ್ತಾಗಿ ಜಗಳ ಬೇಡ. ಮೊದಲ ಯೂನಿಟ್ ಸಿದ್ಧವಾದಾಗ ನಮಗೂ ಒಂದು ಪ್ರತಿ ಕಳಿಸಿ, ಪೀಣ್ಯದ ಆ ಹುಡುಗನಿಗೆ ತಲುಪಿಸುತ್ತೇವೆ, ಬೇಕಿದ್ದರೆ ಟೆಲಿಗ್ರಾಂ ಗ್ರೂಪಿಗೂ ಹಾಕಿಕೊಳ್ಳಲಿ.